ನಿಮ್ಮ ಕನಸಿನ ಗೇಮ್‌ನಲ್ಲಿ ಎಂತೆಲ್ಲ ಇರ್ಬೇಕು? ಗ್ರಾಫಿಕ್ಸ್ ಬಿಟ್ಟು ಹೇಳಿ

ಪಣಂಬೂರು_ಪ್ಯಾಡ್

ತುಂಬಾ ದಿನದಿಂದ ಕೇಳ್ಬೇಕು ಅಂತ ಇತ್ತು. ನಾಳೆ ಯಾರಾದ್ರೂ ಬಂದು ದುಡ್ಡಿನ ಮಂಡೆಬಿಸಿ ನಿಮಗೆ ಬೇಡ, ಟೀಮ್ ಉಂಟು, ಬೇಕಾದ ಗೇಮ್ ಹೇಳಿ ಮಾಡಿಕೊಡ್ತೇವೆ ಅಂದ್ರೆ ಅದರಲ್ಲಿ ಎಂತೆಲ್ಲ ಹಾಕಿಸ್ತೀರಿ? ಗ್ರಾಫಿಕ್ಸ್, ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ) ಬಿಟ್ಟು ಹೇಳಿ, ಅದು ಹೇಗೂ ವರ್ಷ ವರ್ಷ ಏರ್ತಾ ಹೋಗ್ತದೆ.

ಮೊದಲು ನಂದು ಹೇಳ್ತೇನೆ. ನಂಗೆ ದೊಡ್ಡ ಮ್ಯಾಪ್ ಬೇಡ. ಯಾವ ಟ್ರೈಲರ್ ನೋಡಿದ್ರೂ ಮೊದಲು ಬರೋದು ನಮ್ಮ ಮ್ಯಾಪ್ ಹಿಂದಿನದಕ್ಕಿಂತ ಇಷ್ಟು ಪಟ್ಟು ದೊಡ್ಡದು ಅನ್ನುವ ಮಾತು. 1996ರಲ್ಲೇ ಡ್ಯಾಗರ್‌ಫಾಲ್ ಅನ್ನುವ ಗೇಮ್ ಹೆಚ್ಚುಕಡಿಮೆ ಗ್ರೇಟ್ ಬ್ರಿಟನ್ನಿನಷ್ಟು ದೊಡ್ಡ ಲೋಕ ಕೊಟ್ಟಿತ್ತು, 2016ರ ನೋ ಮ್ಯಾನ್ಸ್ ಸ್ಕೈಯಲ್ಲಿ 18 ಕ್ವಿಂಟಿಲಿಯನ್ ಗ್ರಹ, ಅಂದ್ರೆ 18ರ ಮುಂದೆ 18 ಸೊನ್ನೆ. ಆದ್ರೆ ಅಷ್ಟು ಜಾಗದಲ್ಲಿ ಒಬ್ಬ ಅಂಗಡಿಯವನಿಗಾದ್ರೂ ನನ್ನ ಗುರ್ತ ಇಲ್ಲದಿದ್ರೆ ಎಂತ ಪ್ರಯೋಜನ? ನಿನ್ನೆ ಅವನ ಅಂಗಡಿ ಉಳಿಸಿದ್ದೇನೆ, ಇವತ್ತು ಹೋದ್ರೆ ಅದೇ ಡೈಲಾಗ್, ಅದೇ ನಗು. ನಂಗೆ ಅಲ್ಲಿಗೇ ಮನಸ್ಸು ಮುರೀತದೆ.

ಇದಕ್ಕೆ ಎದುರಾಗಿ ಯಾಕುಝಾ ಸೀರೀಸ್ ನೋಡಿ. 2005ರಿಂದ ಕಾಮುರೋಚೋ ಅನ್ನುವ ಅದೇ ನಾಲ್ಕು ಬೀದಿಯ ಏರಿಯಾಕ್ಕೆ, ಟೋಕಿಯೋದ ಕಬುಕಿಚೋ ನೋಡಿ ಮಾಡಿದ್ದು ಅದು, ಮತ್ತೆ ಮತ್ತೆ ಕರ್ಕೊಂಡು ಬರ್ತಾರೆ. ಒಂದು ಗೇಮ್‌ನಲ್ಲಿ ಇದ್ದ ಅಂಗಡಿ ಮುಂದಿನದರಲ್ಲಿ ಮುಚ್ಚಿರ್ತದೆ, ಖಾಲಿ ಜಾಗದಲ್ಲಿ ಕಟ್ಟಡ ಎದ್ದಿರ್ತದೆ. ಆಡ್ತಾ ಆಡ್ತಾ ಅದು ನಮ್ಮದೇ ಊರು ಆಗ್ತದೆ. ಜನ ನೆನಪಿಟ್ಟುಕೊಳ್ಳುವ ವಿಷಯಕ್ಕೆ ಬಂದ್ರೆ 2014ರ ಶ್ಯಾಡೋ ಆಫ್ ಮೊರ್ಡೋರ್‌ನ ನೆಮೆಸಿಸ್ ಸಿಸ್ಟಮ್ ಭಾರೀ ಇಷ್ಟ. ನಮ್ಮನ್ನು ಕೊಂದ ಸಾಮಾನ್ಯ ಓರ್ಕ್ (ಅದರಲ್ಲಿನ ರಾಕ್ಷಸ ಸೈನಿಕ) ಕ್ಯಾಪ್ಟನ್ ಆಗಿ ಮೇಲೆ ಬರ್ತಾನೆ, ಬೆಂಕಿಯಿಂದ ತಪ್ಪಿಸಿಕೊಂಡವ ಸುಟ್ಟ ಮುಖ ಇಟ್ಕೊಂಡು ಬಂದು ಆ ದಿನದ ಲೆಕ್ಕ ಕೇಳ್ತಾನೆ. ಇಷ್ಟು ಒಳ್ಳೆ ಐಡಿಯಾಕ್ಕೆ ವಾರ್ನರ್ ಬ್ರದರ್ಸ್ 2021ರಲ್ಲಿ ಪೇಟೆಂಟ್ ಪಡೆಯಿತು, ಅದನ್ನು ಮಾಡಿದ ಮೊನೊಲಿತ್ ಸ್ಟುಡಿಯೋ 2025ರಲ್ಲಿ ಮುಚ್ಚಿಯೇ ಹೋಯ್ತು. ಐಡಿಯಾಕ್ಕೆ ಬೀಗ ಹಾಕಿ, ಬೀಗದ ಕೈ ಇದ್ದವರನ್ನೂ ಮನೆಗೆ ಕಳಿಸಿದ್ದು. ಲೋಡಿಂಗ್ ಸ್ಕ್ರೀನ್‌ನಲ್ಲಿ ಸಣ್ಣ ಗೇಮ್ ಕೊಡುವ ಐಡಿಯಾವೂ ನಾಮ್ಕೋ ಪೇಟೆಂಟ್‌ನಲ್ಲಿ ಸಿಕ್ಕಿಹಾಕಿಕೊಂಡು 2015ರಲ್ಲಿ ಬಿಡುಗಡೆ ಆದದ್ದು, ಅಷ್ಟರಲ್ಲಿ ಲೋಡಿಂಗ್ ಟೈಮೇ ಕಮ್ಮಿ ಆಗ್ಲಿಕ್ಕೆ ಶುರು.

ನನ್ನ ಕನಸಿನ ಗೇಮ್‌ನ ಮ್ಯಾಪ್ ಮಂಗಳೂರು ದಕ್ಕೆಯಿಂದ ಮಲ್ಪೆ ಬಂದರಿನವರೆಗೆ, ಅಷ್ಟೇ. ಒಂದು ಬದಿ ಸಮುದ್ರ, ಮಧ್ಯೆ 66ರ ಹೈವೇ, ಕೂಳೂರು, ಪಾವಂಜೆ, ಮುಲ್ಕಿ, ಉದ್ಯಾವರ ಅಂತ ಒಂದರ ಹಿಂದೆ ಒಂದು ಹೊಳೆ ದಾಟುವ ಸೇತುವೆ. ಪರದೆ ಮೂಲೆಯಲ್ಲಿ ದಾರಿ ತೋರಿಸುವ ಮಿನಿಮ್ಯಾಪ್ ಇಲ್ಲ. ಘೋಸ್ಟ್ ಆಫ್ ತ್ಸುಶಿಮಾದಲ್ಲಿ ಗಾಳಿ ದಾರಿ ತೋರಿಸಿದ ಹಾಗೆ ಇಲ್ಲಿ ಸಮುದ್ರ ಯಾವ ಬದಿ ಉಂಟು ನೋಡಿ ದಿಕ್ಕು ಗೊತ್ತಾಗ್ಬೇಕು, ಬಾಕಿದ್ದು ಜನರ ಹತ್ರ ಕೇಳ್ಬೇಕು. 2002ರ ಮೊರೋವಿಂಡ್‌ನಲ್ಲಿ ಹಾಗೇ ಇತ್ತು, ಯಾರೋ ಹೇಳಿದ ದಾರಿ ಡೈರಿಯಲ್ಲಿ ಓದಿ ಹುಡುಕುವುದು, ಬಾಣದ ಗುರ್ತು ಇಲ್ಲ.

ಮತ್ತೆ ಮಳೆ. ಮಳೆ ಬಂದ್ರೆ ಪರದೆ ಮೇಲೆ ನಾಲ್ಕು ಗೆರೆ ಎಳೆದು ಬಿಡುವುದಲ್ಲ. ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ಮಳೆಗೆ ಬಂಡೆ ಜಾರ್ತದೆ, ಕಬ್ಬಿಣ ಹಿಡ್ಕೊಂಡಿದ್ರೆ ಸಿಡಿಲು ಬಡೀತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಮೇಲೆ ಮಳೆ ಬರ್ತದೆ, ಗೇಮ್‌ನಲ್ಲೂ ಜೂನ್ ಬಂದ ಕೂಡ್ಲೇ ಲೋಕವೇ ಬದಲಾಗ್ಬೇಕು. ತೋಡು ತುಂಬ್ಬೇಕು, ಬೇಸಿಗೆಯಲ್ಲಿ ನಡೆದ ದಾರಿ ಮುಚ್ಚಿ ಹೋಗ್ಬೇಕು, ಬೋಟ್ ಎಲ್ಲ ದಡಕ್ಕೆ ಬರ್ಬೇಕು, ಜನರ ಮಾತು ಕೂಡ ಬೇರೆ ಆಗ್ಬೇಕು. ಈಗ ನೀವು ಹೇಳಿ.

ಕುಂದಾಪ್ರ_ಕೀಬೋರ್ಡ್

ಹ್ವಾಯ್, ಮಳಿ ಬಗ್ಗೆ ಬರ್ದದ್ ಲಾಯ್ಕಿತ್ತ್ ಕಾಣಿ.

ನಂದು ಒಂದೇ ಬೇಡಿಕೆ, ಬೇಕಾದಾಗ ಸೇವ್, ಬೇಕಾದಾಗ ಪಾಸ್, ಅಂದ್ರೆ ಆಟವನ್ನು ಇದ್ದಲ್ಲೇ ನಿಲ್ಲಿಸಿ ಇಡುದು. ಸಣ್ಣ ವಿಷಯ ಅನಿಸಬಹುದು ಆದ್ರೆ ಮಳೆಗಾಲದಲ್ಲಿ ಗೇಮ್ ಆಡುವವರಿಗೆ ಇದಕ್ಕಿಂತ ದೊಡ್ಡದು ಎಂತದೂ ಇಲ್ಲ. ಗಾಳಿ ಎದ್ದು ಎಲ್ಲೋ ಒಂದು ಮರದ ಗೆಲ್ಲು ಲೈನ್ ಮೇಲೆ ಬಿದ್ರೆ ಕರೆಂಟ್ ಹೋಯ್ತು, ಇನ್ವರ್ಟರ್‌ಗೆ ಪಿಸಿ ಹಾಕ್ಲಿಕ್ಕೆ ಮನೆಯವರು ಬಿಡುದಿಲ್ಲ, ಒಂದು ಗಂಟೆ ಆಡಿದ್ದು ಹೋಯ್ತು. 1996ರ ರೆಸಿಡೆಂಟ್ ಈವಿಲ್‌ನಲ್ಲಿ ಟೈಪ್‌ರೈಟರ್ ಹತ್ರ ಹೋಗಿ ಇಂಕ್ ರಿಬ್ಬನ್ ಖರ್ಚು ಮಾಡಿದ್ರೆ ಮಾತ್ರ ಸೇವ್, ಅದು ಹೆದರಿಸ್ಲಿಕ್ಕೆ ಬೇಕಂತಲೇ ಮಾಡಿದ್ದು, ಅದಕ್ಕೆ ಅರ್ಥ ಉಂಟು. ಈಗಿನ ಎಷ್ಟೋ ಗೇಮ್‌ನಲ್ಲಿ ಅಂಥ ಕಾರಣವೇ ಇಲ್ಲದೆ ಚೆಕ್‌ಪಾಯಿಂಟ್ (ಸೇವ್ ಆಗುವ ಜಾಗ) ದೂರ ದೂರ ಇಟ್ಟಿರ್ತಾರೆ.

ಎಲ್ಡನ್ ರಿಂಗ್ 2022ರಲ್ಲಿ ಬಂತು, ಸಿಂಗಲ್ ಪ್ಲೇಯರ್ ಆಡಿದ್ರೂ ನೇರ ಪಾಸ್ ಬಟನ್ ಇಲ್ಲ. ಬಾಸ್, ಅಂದ್ರೆ ದೊಡ್ಡ ಎದುರಾಳಿ, ಅರ್ಧ ಹೆಲ್ತ್‌ಗೆ ಬಂದಿರ್ತಾನೆ, ಅಷ್ಟೊತ್ತಿಗೆ ಅಂಗಳದಲ್ಲಿ ಒಣಗ್ಲಿಕ್ಕೆ ಹಾಕಿದ ಅಡಿಕೆ ಒಳಗೆ ತೆಗೀಬೇಕು, ಮಳೆ ಬಂತು ಅಂತ ಅಮ್ಮ ಕರೀತಾರೆ. ಹೋಗದೆ ಇರ್ಲಿಕ್ಕೆ ಆಗ್ತದಾ? ಅದೇ ಕಂಪನಿಯ ಸೆಕಿರೋದಲ್ಲಿ ಪಾಸ್ ಉಂಟು, ಅದರಿಂದ ಆ ಗೇಮ್ ಸುಲಭ ಏನೂ ಆಗ್ಲಿಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ ಕ್ವಿಕ್ ರೆಸ್ಯೂಮ್ ಆಡ್ತಿದ್ದ ಸ್ಥಿತಿಯನ್ನೇ ಎಸ್‌ಎಸ್‌ಡಿಯಲ್ಲಿ ಬರೆದಿಡ್ತದೆ, ಆಮೇಲೆ ಪ್ಲಗ್ ತೆಗೆದು ಹಾಕಿದ್ರೂ ಅಲ್ಲಿಂದಲೇ ಶುರು. ತಂತ್ರಜ್ಞಾನ ಇಲ್ಲ ಅಂತ ಯಾರೂ ಹೇಳ್ಲಿಕ್ಕಾಗುದಿಲ್ಲ. ನನ್ನ ಕನಸಿನ ಗೇಮ್ ಪ್ರತಿ ನಿಮಿಷ ತಾನೇ ಸೇವ್ ಆಗ್ಬೇಕು, ಅಷ್ಟಾದ್ರೆ ಬಾಕಿ ಎಂತ ಇದ್ರೂ ಆಡ್ತೇನೆ.

ತೊಟ್ಟಂ_ಟ್ರಾಲರ್

ಪ್ಯಾಡ್ ಅಣ್ಣ, ಬೋಟ್ ಎಲ್ಲ ದಡಕ್ಕೆ ಅಂದ್ರಲ್ಲ, ಎಲ್ಲ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ಬಂದ್ ಆಗುದು ಯಾಂತ್ರಿಕ ಬೋಟುಗಳಿಗೆ. ನಾಡದೋಣಿಯವರಿಗೆ ಹೋಗ್ಲಿಕ್ಕೆ ಉಂಟು, ಸಮುದ್ರ ಒಳಗೆ ಹೋಗ್ಲಿಕ್ಕೆ ಬಿಟ್ಟರೆ. ಗೇಮ್‌ಗೆ ಇದೇ ಒಳ್ಳೆ ವಿಷಯ ಅಲ್ವಾ, ಎಂಟು ಹತ್ತು ತಿಂಗಳು ದೊಡ್ಡ ಬೋಟ್‌ನಲ್ಲಿ ಜಿಪಿಎಸ್, ಫಿಶ್ ಫೈಂಡರ್ ಎಲ್ಲ ಇಟ್ಕೊಂಡು ಆಡಿದವ ಜೂನ್‌ನಲ್ಲಿ ಸಣ್ಣ ದೋಣಿ ತೆಗೊಂಡು, ಕಣ್ಣಿಗೆ ಕಾಣುವ ನೀರಿನ ಬಣ್ಣ, ಹಕ್ಕಿ ಎಲ್ಲಿ ಇಳೀತದೆ ಇದನ್ನೇ ನಂಬಿ ಹೋಗ್ಬೇಕು.

ಮೀನಿನ ಗೇಮ್ ಅಂತ ಬಂದದ್ದೆಲ್ಲ ಆಡ್ತೇನೆ ನಾನು. 2023ರ ಡ್ರೆಜ್ ಒಳ್ಳೆದುಂಟು, ರಾತ್ರಿ ಆದ ಹಾಗೆ ಮನಸ್ಸಿನ ಭಯ ಏರಿ ಇಲ್ಲದ ಬಂಡೆ ಎದುರಿಗೆ ಬರ್ತದೆ, ಮೀನನ್ನು ಸರಿಯಾಗಿ ಜೋಡಿಸಿದ್ರೆ ಮಾತ್ರ ಬೋಟ್‌ನಲ್ಲಿ ಜಾಗ. ಡೇವ್ ದ ಡೈವರ್ ಕೂಡ ಅದೇ ವರ್ಷದ್ದು, ಹಗಲು ಮೀನು ಹಿಡಿದು ರಾತ್ರಿ ಹೋಟೆಲ್ ನಡೆಸುವುದು. ಆದ್ರೆ ಎರಡರಲ್ಲೂ ಮೀನುಗಾರ ಒಬ್ಬಂಟಿ. ನಮ್ಮಲ್ಲಿ ಯಾರು ಮಾರಾಯ್ರೆ ಒಬ್ಬನೇ ಸಮುದ್ರಕ್ಕೆ ಹೋಗುದು? ಬೋಟ್ ನಡೆಸುವ ತಾಂಡೇಲ ಬೇಕು, ಬಲೆ ಎಳೆಯುವವರು ಬೇಕು, ಒಳಗೆ ಅಡುಗೆ ಮಾಡುವವ ಬೇಕು.

ಅದಕ್ಕೆ ನಂಗೆ ಬೇಕಾದ ಫೀಚರ್ ಒಂದೇ ರೂಮಿನಲ್ಲಿ ಕೂತು ಒಟ್ಟಿಗೆ ಸೇರಿ ಆಡುವ ಕೋ-ಆಪ್. ಕೈರಂಪಣಿ ನೋಡಿದ್ದೀರಾ, ಬಲೆಯ ಒಂದು ತುದಿ ದಡದಲ್ಲಿ ಹಿಡಿದು, ದೋಣಿಯಲ್ಲಿ ಸುತ್ತು ಹಾಕಿ ಇನ್ನೊಂದು ತುದಿ ತಂದು, ಎರಡು ಸಾಲು ಜನ ನಿಂತು ಎಳೀತಾರೆ. ಒಂದು ಸಾಲು ಬೇಗ ಎಳೆದು ಇನ್ನೊಂದು ಸಾಲು ತಡ ಮಾಡಿದ್ರೆ ಮೀನು ಹೋಯ್ತು. ನಾಲ್ಕು ಜನ ನಾಲ್ಕು ಕಂಟ್ರೋಲರ್ ಹಿಡ್ಕೊಂಡು ಒಟ್ಟಿಗೆ ಬಟನ್ ಒತ್ತಿ ಎಳೆಯುವ ಹಾಗಿದ್ರೆ ಅದರ ಗಮ್ಮತ್ತೇ ಬೇರೆ. 2021ರಲ್ಲಿ ಇಟ್ ಟೇಕ್ಸ್ ಟು ಗೇಮ್ ಆಫ್ ದ ಇಯರ್ ತೆಗೊಂಡಿತು, ಪೂರಾ ಸ್ಪ್ಲಿಟ್ ಸ್ಕ್ರೀನ್, ಒಬ್ಬ ಕೊಂಡ್ರೆ ಇನ್ನೊಬ್ಬ ಫ್ರೆಂಡ್ಸ್ ಪಾಸ್‌ನಲ್ಲಿ ಆನ್‌ಲೈನ್ ಪುಕ್ಕಟೆ ಆಡಬಹುದು. 2015ರಲ್ಲಿ ಹೇಲೋ 5 ಸ್ಪ್ಲಿಟ್ ಸ್ಕ್ರೀನ್ ತೆಗೆದು ಹಾಕಿತ್ತು, ಅಣ್ಣ ತಮ್ಮ ಒಂದೇ ಸೋಫಾದಲ್ಲಿ ಕೂತು ಬೆಳೆದ ಸೀರೀಸ್ ಅದು. ಜನ ಕೇಳುದಿಲ್ಲ ಅಂತ ಹೇಳುವವರು ಇಟ್ ಟೇಕ್ಸ್ ಟು ನೋಡ್ಬೇಕು.

ಮತ್ತೆ ಬೆಳಿಗ್ಗೆ ಬಂದರಿನ ಏಲಂ ಬೇಕೇ ಬೇಕು. ಅಂಜಲ್‌ಗೆ ಒಂದು ರೇಟ್, ಬಂಗುಡೆಗೆ ಒಂದು, ಬೂತಾಯಿ ರಾಶಿ ಬಿದ್ದ ದಿನ ಕೇಳುವವರೇ ಇಲ್ಲ. ಎಲ್ಲ ಬೋಟ್ ಒಟ್ಟಿಗೆ ಬಂದ್ರೆ ರೇಟ್ ಇಳೀಬೇಕು. ಯಾವ ಗೇಮ್‌ನಲ್ಲಿ ನೋಡಿದ್ರೂ ಮೀನಿಗೆ ವರ್ಷವಿಡೀ ಒಂದೇ ಬೆಲೆ ಇರ್ತದೆ, ಅದು ನೋಡಿದ್ರೆ ನಂಗೆ ಆಗುದೇ ಇಲ್ಲ.

ಟೈಮಿಂಗ್_ಎಕ್ಸ್‌ಪ್ರೆಸ್

ಮೀನು ಆಯ್ತು, ಈಗ ಬಸ್.

ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ 2017ರಲ್ಲಿ ಬಂದ ಮೊಬೈಲ್ ಗೇಮ್. ಬಸ್‌ಗೆ ಸ್ವಂತ ಲಿವರಿ (ಹೊರಗಿನ ಬಣ್ಣ, ಡಿಸೈನ್) ಹಾಕ್ಲಿಕ್ಕೆ, ಸ್ವಂತ ತ್ರೀಡಿ ಮಾಡೆಲ್ ಸೇರಿಸ್ಲಿಕ್ಕೆ ಬಿಟ್ಟಿದ್ದಾರೆ, ಅದೊಂದೇ ಕಾರಣಕ್ಕೆ ನಮ್ಮ ಕಡೆ ಹುಡುಗರೆಲ್ಲ ಅದರಲ್ಲಿ ಬಿದ್ದದ್ದು. ಕೆಎಸ್‌ಆರ್‌ಟಿಸಿ ಬಸ್, ಪ್ರೈವೇಟ್ ಬಸ್, ಬಣ್ಣ ಬಣ್ಣದ ಟೂರಿಸ್ಟ್ ಬಸ್, ಎಲ್ಲದರ ಸ್ಕಿನ್ ಮಾಡಿಟ್ಟಿದ್ದಾರೆ. ಅದಕ್ಕೆ ನನ್ನ ಮೊದಲನೇ ಬೇಡಿಕೆ "ಮಾಡ್", ಅಂದ್ರೆ ಆಡುವವರೇ ಗೇಮ್‌ಗೆ ಸೇರಿಸುವ ಬದಲಾವಣೆ, ಮಾಡ್ಲಿಕ್ಕೆ ಬಿಡ್ಬೇಕು. ಯೂರೋ ಟ್ರಕ್ ಸಿಮ್ಯುಲೇಟರ್ 2 ಬಂದದ್ದು 2012ರಲ್ಲಿ, ಇವತ್ತಿಗೂ ಜನ ಆಡ್ತಾರೆ ಅಂದ್ರೆ ಅದಕ್ಕೆ ಅರ್ಧ ಕಾರಣ ಮಾಡ್ ಮಾಡುವವರೇ.

ಆದ್ರೆ ಈ ಎಲ್ಲ ಗೇಮ್‌ನಲ್ಲಿ ಬಸ್ ಓಡಿಸುವುದು ಅಂದ್ರೆ ರಸ್ತೆ ಮತ್ತು ಸ್ಟೇರಿಂಗ್ ಮಾತ್ರ. ಮಂಗಳೂರು-ಉಡುಪಿ ರೂಟ್‌ನಲ್ಲಿ ಅರ್ಧ ಆಟ ಕಂಡಕ್ಟರ್‌ದು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡ್ ಬಿಡುವಾಗ ಟೈಮ್ ಬರೆಸಿ ಹೊರಡ್ಬೇಕು, ಹಿಂದಿನ ಬಸ್ ಬೆನ್ನಿಗೆ ಇರ್ತದೆ, ಒಂದು ಸ್ಟಾಪ್‌ನಲ್ಲಿ ಜಾಸ್ತಿ ಹೊತ್ತು ನಿಂತ್ರೆ ಮುಂದಿನ ಕಲೆಕ್ಷನ್ ಅವನಿಗೆ. ನಿಲ್ಲದೆ ಹೋದ್ರೆ ಸುರತ್ಕಲ್‌ನಲ್ಲಿ ಕಾಯ್ತಿದ್ದ ಅಜ್ಜಿ ಬಾಕಿ. ಚಿಲ್ಲರೆ ಕೊಡುದು, ಯಾರು ಪಡುಬಿದ್ರೆ ಯಾರು ಕಾಪು ಅಂತ ನೆನಪಿಡುದು, ವಿಸಿಲ್ ಹಾಕಿ "ರೈಟ್ ಪೋಯಿ" (ಹೋಗುವ) ಹೇಳುದು. ಒಬ್ಬ ಡ್ರೈವರ್ ಒಬ್ಬ ಕಂಡಕ್ಟರ್, ಇಬ್ಬರ ಆಟ. ಡ್ರೈವರ್‌ಗೆ ಹಿಂದೆ ಎಂತ ಆಗ್ತದೆ ಕಾಣುದಿಲ್ಲ, ಕಂಡಕ್ಟರ್ ವಿಸಿಲ್ ಮೇಲೆ ನಂಬಿಕೆ ಇಡ್ಬೇಕು. ಪೂರಾ ರೂಟ್ ಮಾಡಿದ್ರೆ ಸಾಕು, ಇಡೀ ಇಂಡಿಯಾ ಬೇಡ. ಮ್ಯಾಪ್ ಬಗ್ಗೆ ನಾನೂ ಪ್ಯಾಡ್ ಪಾರ್ಟಿ.

ಮದ್ದಳೆ_ಮೋಡ್

ನಾನು ಕೇಳುದು ಸ್ವಲ್ಪ ಬೇರೆ. ಗೇಮ್ ಅಂದ್ರೆ ಹೊಡೀಬೇಕು ಅಂತ ಎಂತಕ್ಕೆ? ನಂಗೆ ಮಾತಿನಲ್ಲೇ ಗೆಲ್ಲುವ ಗೇಮ್ ಬೇಕು.

ನಾವು ಸಣ್ಣದಿರುವಾಗಿನಿಂದ ತಾಳಮದ್ದಳೆ ಕೇಳಿದವರು. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ್ಯ ಹೇಳ್ತಾರೆ, ಎದುರು ಬದುರು ಕೂತ ಅರ್ಥಧಾರಿಗಳು ಬರೆದಿಟ್ಟದ್ದೇ ಇಲ್ಲದೆ ಅಲ್ಲಿಂದಲ್ಲಿಗೆ ಮಾತು ಕಟ್ತಾರೆ. ಬಾಣ ತಾಗಿ ಬಿದ್ದ ವಾಲಿ ರಾಮನ ಹತ್ರ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ ಕೇಳ್ತಾನೆ. ಕತೆ ಎಲ್ಲರಿಗೂ ಗೊತ್ತು, ಕೊನೆ ಎಂತ ಅಂತ ಗೊತ್ತು, ಆದ್ರೂ ಇವತ್ತು ರಾಮ ಎಂತ ಉತ್ತರ ಕೊಡ್ತಾನೆ ಅಂತ ಜನ ಉಸಿರು ಬಿಗಿಹಿಡಿದು ಕೂತಿರ್ತಾರೆ. ಇದಕ್ಕಿಂತ ಒಳ್ಳೆ ಬಾಸ್ ಫೈಟ್ ಎಲ್ಲಿ ಸಿಗ್ತದೆ ಹೇಳಿ?

ಆಗುದಿಲ್ಲ ಅನ್ಬೇಡಿ. 1990ರ ಮಂಕಿ ಐಲ್ಯಾಂಡ್‌ನಲ್ಲಿ ಕತ್ತಿವರಸೆ ಗೆಲ್ಲುದು ಬೈಗುಳಕ್ಕೆ ಸರಿಯಾದ ಮರುಮಾತು ಕೊಟ್ಟರೆ, ಅದನ್ನು ಬೇರೆಯವರ ಹತ್ರ ಸೋತು ಸೋತು ಕಲೀಬೇಕು. 2019ರ ಡಿಸ್ಕೋ ಎಲಿಸಿಯಂ ಬೇರೆಯಾದ ಫೈಟಿಂಗ್ ಸಿಸ್ಟಮ್ಮೇ ಇಲ್ಲದ ಆರ್‌ಪಿಜಿ (ಒಂದು ಪಾತ್ರವಾಗಿ ಆಡುವ ಗೇಮ್), ನಮ್ಮದೇ ತಲೆಯೊಳಗಿನ ಗುಣಗಳು ಒಂದಕ್ಕೊಂದು ವಾದ ಮಾಡ್ತವೆ. ನನ್ನ ಗೇಮ್‌ನಲ್ಲಿ ಎದುರಾಳಿ ಹಿಂದಿನ ಊರಿನಲ್ಲಿ ನಾನು ಹಾಕಿದ ವಾದ ನೆನಪಿಟ್ಕೊಂಡು ಈ ಊರಿನಲ್ಲಿ ಅದನ್ನೇ ನನಗೆ ತಿರುಗಿಸಿ ಹಾಕ್ಬೇಕು. ಪ್ಯಾಡ್ ಹೇಳಿದ ನೆನಪು ಇಲ್ಲಿ ಭಾರೀ ಉಪಯೋಗಕ್ಕೆ ಬರ್ತದೆ. ಚೆಂಡೆ, ಮದ್ದಳೆಗೆ ಬೇಕಾದ್ರೆ ತಾಳ ಹಿಡಿಯುವ ಭಾಗ ಇಡಬಹುದು. ಜಪಾನಿನವರು ಅವರ ಡೋಲನ್ನು ಇಟ್ಕೊಂಡು ತೈಕೋ ನೋ ತತ್ಸುಜಿನ್ ಅಂತ 2001ರಿಂದ ನಡೆಸ್ತಾ ಇದ್ದಾರೆ, ನಮ್ಮ ಚೆಂಡೆಗೆ ಎಂತ ಕಮ್ಮಿ?

ಋತುವೂ ಸರಿಯಾಗಿ ಕೂತ್ಕೊಳ್ತದೆ. ಪತ್ತನಾಜೆವರೆಗೆ, ಅಂದ್ರೆ ಮೇ ಕೊನೆಯ ಹೊತ್ತಿನವರೆಗೆ, ಯಕ್ಷಗಾನ ಮೇಳಗಳ ತಿರುಗಾಟ, ಊರೂರು ಬಯಲಾಟ. ಅದು ಕಳೆದ ಮೇಲೆ ಮಳೆ, ಮೇಳ ಒಳಗೆ, ಆಗ ತಾಳಮದ್ದಳೆಯ ಕಾಲ. ವೇಷದ ಗೇಮ್ ಆರು ತಿಂಗಳು, ಮಾತಿನ ಗೇಮ್ ಮಳೆಗಾಲಕ್ಕೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೇನೆ. ತುಳುನಾಡಿನ ಗೇಮ್ ಅಂದ ಕೂಡ್ಲೇ ಯಾರಾದ್ರೂ ದೈವವನ್ನು ತಂದು ಕೊಲ್ಲುವ ಬಾಸ್ ಮಾಡ್ತಾರೆ, ಇಲ್ಲಾಂದ್ರೆ ಅಣಿ (ದೈವದ ವೇಷದ ಬೆನ್ನಿಗೆ ಕಟ್ಟುವ ಅಲಂಕಾರ) ಕಟ್ಟಿದ ಸ್ಕಿನ್ ಮಾರಾಟಕ್ಕೆ ಇಡ್ತಾರೆ. ಅದು ಬೇಡವೇ ಬೇಡ. ಇವತ್ತಿಗೂ ಜನ ಕೈ ಮುಗಿದು ನ್ಯಾಯ ಕೇಳುವ ಜಾಗ ಅದು, ಅದಕ್ಕೆ ಅದರದ್ದೇ ಕಟ್ಟುಕಟ್ಟಳೆ ಉಂಟು.

ಪಣಂಬೂರು_ಪ್ಯಾಡ್

ಮದ್ದಳೆ ಅಕ್ಕ, ದೈವದ ವಿಷಯಕ್ಕೆ ಪೂರ್ತಿ ಒಪ್ಪಿದೆ. ದೂರದಲ್ಲಿ ಎಲ್ಲೋ ಕೋಲ ನಡೀತಾ ಉಂಟು, ಆ ದಿನ ಊರಿನವರು ಕೆಲಸ ಬಿಟ್ಟು ಅಲ್ಲಿಗೆ ಹೋಗ್ತಾರೆ, ಅಷ್ಟು ತೋರಿಸಿದ್ರೆ ಸಾಕು. ತ್ಸುಶಿಮಾ ಗೇಮ್ ಮಾಡಿದವರು ಅಮೆರಿಕದವರು, ಆದ್ರೂ ಜಪಾನಿನ ಆ ತ್ಸುಶಿಮಾ ದ್ವೀಪದವರೇ 2021ರಲ್ಲಿ ಅದರ ಇಬ್ಬರು ಡೈರೆಕ್ಟರ್‌ಗಳನ್ನು ಪ್ರವಾಸ ರಾಯಭಾರಿ ಮಾಡಿದ್ರು. ಬಿರುಗಾಳಿಗೆ ಅಲ್ಲಿನ ಒಂದು ದೇವಸ್ಥಾನದ ದ್ವಾರ ಬಿದ್ದಾಗ ಅದನ್ನು ಎತ್ತಿ ನಿಲ್ಲಿಸ್ಲಿಕ್ಕೆ ಗೇಮ್ ಆಡಿದವರೂ ದುಡ್ಡು ಹಾಕಿದ್ರು. ಗೌರವ ಇಟ್ಟು ಮಾಡಿದ್ರೆ ಊರಿನವರಿಗೂ ತಮ್ಮದು ಅನಿಸ್ತದೆ.

ಕಂಬಳ ಹೇಗೆ ಹಾಕುದು ಅಂತ ಯೋಚನೆ ಮಾಡ್ತಾ ಇದ್ದೆ. ಎಲ್ಲರೂ ರೇಸ್ ಮಾಡ್ತಾರೆ, ನಂಗೆ ಕಂಬಳದ ಕನೆಹಲಗೆ ವಿಭಾಗ ಬೇಕು. ಅಲ್ಲಿ ಗೆಲ್ಲುದು ಮೊದಲು ಮುಟ್ಟಿದವ ಅಲ್ಲ, ಮೇಲೆ ಕಟ್ಟಿದ ನಿಶಾನೆ ಬಟ್ಟೆಗೆ ನೀರು ಹಾಯಿಸಿದವ. ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ನೀರು ಚಿಮ್ಮಬೇಕು ಅಂದ್ರೆ ಹಲಗೆ ಮೇಲೆ ನಿಂತವನ ಭಾರ, ಕೋಣಗಳ ವೇಗ, ಕರೆಯ (ಕೋಣ ಓಡುವ ಗದ್ದೆ) ಕೆಸರು ಮೂರೂ ಹೊಂದ್ಬೇಕು. ಬಟನ್ ಜೋರು ಒತ್ತಿದ್ರೆ ಆಗುವ ಕೆಲಸ ಅಲ್ಲ.

ಟೈಗರ್‌ಸರ್ಕಲ್_ಡೆವ್

ಮಣಿಪಾಲದಲ್ಲಿ ಓದ್ತಾ ಸಣ್ಣ ಪುಟ್ಟ ಗೇಮ್ ಮಾಡುವವ ನಾನು, ಮಾಡುವವರ ಬದಿಯಿಂದ ಸ್ವಲ್ಪ ಹೇಳ್ತೇನೆ.

ಊರಿನವರು ನೆನಪಿಟ್ಕೊಳ್ಳುದು, ಮಳೆಗೆ ಜನರ ದಿನಚರಿ ಬದಲಾಗುದು, ಇದೆಲ್ಲ ನೂರಾರು ಕೋಟಿ ಇದ್ರೆ ಮಾತ್ರ ಆಗುದು ಅಂತ ಇಲ್ಲ. 2016ರ ಸ್ಟಾರ್‌ಡ್ಯೂ ವ್ಯಾಲಿಯನ್ನು ಎರಿಕ್ ಬರೋನ್ ಒಬ್ಬರೇ ಮಾಡಿದ್ದು, ಅದರಲ್ಲಿ ಮಳೆ ದಿನ ಜನ ಬೇರೆ ಕಡೆ ಹೋಗಿ ಕೂರ್ತಾರೆ, ಯಾರಿಗೆ ಎಂತ ಕೊಟ್ರೆ ಖುಷಿ ಅಂತ ಬೇರೆ ಬೇರೆ ಉಂಟು. ಡ್ವಾರ್ಫ್ ಫೋರ್ಟ್ರೆಸ್ ಇಬ್ಬರು ಅಣ್ಣ ತಮ್ಮಂದಿರ ಕೆಲಸ, 2006ರಿಂದ ಬೆಳೆಸ್ತಾ ಬಂದದ್ದು, ಅದರ ಒಬ್ಬೊಬ್ಬ ಕುಳ್ಳನಿಗೂ ಹಳೆ ನೆನಪು ಉಂಟು, ಆ ನೆನಪಿನಿಂದ ಸ್ವಭಾವವೇ ಬದಲಾಗ್ತದೆ. ಚಿತ್ರ ಕಮ್ಮಿ, ಬದುಕು ಜಾಸ್ತಿ. ಈಗಿನ ಕಾಲದಲ್ಲಿ ಎಐ ಹಾಕಿ ಎಲ್ಲ ಕ್ಯಾರೆಕ್ಟರ್ ಬಾಯಿಗೆ ಬಂದದ್ದು ಮಾತಾಡಿಸ್ಬಹುದು ಅಂತಾರೆ, ನಂಗೆ ಅದರಲ್ಲಿ ಆಸಕ್ತಿ ಇಲ್ಲ. ಸಾವಿರ ಮಾತಾಡಿ ಎಂತದೂ ಮಾಡದವನಿಗಿಂತ ಎರಡೇ ಮಾತಾಡಿ, ನಾನು ಸಾಲ ವಾಪಸ್ ಕೊಡದ್ದಕ್ಕೆ ಮರುದಿನ ಸಾಮಾನು ಕೊಡದೆ ಇರುವ ಅಂಗಡಿಯವ ಮೇಲು.

ನನ್ನ ಕನಸಿನ ಫೀಚರ್ ಕನ್ನಡ. ಪೂರ್ತಿ ಕನ್ನಡ, ಮೆನುವಿನಿಂದ ಡೈಲಾಗ್‌ವರೆಗೆ. 2017ರ ಅನ್‌ಚಾರ್ಟೆಡ್ ಲಾಸ್ಟ್ ಲೆಗಸಿ ನಡೆಯುದು ನಮ್ಮ ಪಶ್ಚಿಮ ಘಟ್ಟದಲ್ಲಿ, ಹುಡುಕುದು ಹೊಯ್ಸಳರ ನಿಧಿ, ಹಳೇಬೀಡು ಬೇಲೂರು ಹೆಸರು ಬರ್ತದೆ. ಆಡುವಾಗ ಮೈ ಜುಂ ಅನ್ನಿಸಿತ್ತು, ಆದ್ರೆ ಅದನ್ನು ಕನ್ನಡದಲ್ಲಿ ಆಡ್ಲಿಕ್ಕೆ ಇಲ್ಲ. ಪುಣೆಯವರು ಮಾಡಿದ "ರಾಜಿ" ಅನ್ನುವ ಗೇಮ್‌ಗೆ ಆಮೇಲೆ ಹಿಂದಿ ಧ್ವನಿ ಬಂತು, ಅದು ಖುಷಿಯ ವಿಷಯ, ನಮ್ಮ ಸರದಿ ಯಾವಾಗ?

ಇದರಲ್ಲಿ ಒಂದು ಟೆಕ್ನಿಕಲ್ ತೊಂದರೆಯೂ ಉಂಟು, ತುಂಬಾ ಜನರಿಗೆ ಗೊತ್ತಿಲ್ಲ. ಇಂಗ್ಲಿಷ್ ಅಕ್ಷರ ಒಂದರ ಪಕ್ಕ ಒಂದು ಇಟ್ಟರೆ ಆಯ್ತು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಹೋಗ್ಬೇಕು, ಗುಣಿತ ಅಕ್ಷರದ ಆಕಾರವನ್ನೇ ಬದಲಿಸ್ತದೆ, ಅದಕ್ಕೆ ಟೆಕ್ಸ್ಟ್ ಶೇಪಿಂಗ್ ಅಂತ ಬೇರೆ ಕೆಲಸ ಬೇಕು. ಅದಿಲ್ಲದ ಎಂಜಿನ್‌ನಲ್ಲಿ "ಸ್ತ್ರೀ" ಅಂತ ಬರೆದ್ರೆ ಅಕ್ಷರ ಒಡೆದು ಸಾಲಾಗಿ ನಿಲ್ತದೆ. ಗೋಡೋ 4 ಎಂಜಿನ್ 2023ರಲ್ಲಿ ಬಂದಾಗ ಈ ಶೇಪಿಂಗ್ ಮಾಡುವ ಹಾರ್ಫ್‌ಬಝ್ ಲೈಬ್ರರಿ ಸೇರಿಸಿಕೊಂಡೇ ಬಂತು, ಅದರಲ್ಲಿ ಕನ್ನಡ ಫಾಂಟ್ ಹಾಕಿದ್ರೆ ಸರಿಯಾಗಿ ಬರ್ತದೆ, ಎಂಜಿನ್ ಪುಕ್ಕಟೆ ಬೇರೆ. ಯಾರಿಗಾದ್ರೂ ಶುರು ಮಾಡ್ಲಿಕ್ಕೆ ಮನಸ್ಸಿದ್ರೆ ಅಲ್ಲಿಂದ ಮಾಡಿ.

ಕಾಪು_ಲೈಟ್‌ಹೌಸ್

ಎರಡು ವಿಷಯ ಯಾರೂ ಹೇಳ್ಲಿಲ್ಲ.

ಒಂದು, ನನ್ನ ಅಣ್ಣನಿಗೆ ಕಣ್ಣು ತುಂಬಾ ಮಂದ. ಅವನು ಪೂರ್ತಿ ಮುಗಿಸಿದ ದೊಡ್ಡ ಗೇಮ್ ಅಂದ್ರೆ 2020ರ ಲಾಸ್ಟ್ ಆಫ್ ಅಸ್ ಪಾರ್ಟ್ 2. ಅದರಲ್ಲಿ ಅಂಗವೈಕಲ್ಯ ಇದ್ದವರಿಗೂ ಆಡ್ಲಿಕ್ಕೆ ಆಗುವ ಹಾಗೆ 60ಕ್ಕಿಂತ ಜಾಸ್ತಿ ಆಕ್ಸೆಸಿಬಿಲಿಟಿ ಸೆಟ್ಟಿಂಗ್ ಉಂಟು. ಹೈ ಕಾಂಟ್ರಾಸ್ಟ್ ಹಾಕಿದ್ರೆ ಹಿನ್ನೆಲೆ ಬೂದು ಆಗಿ ವೈರಿಗಳು ಒಂದು ಬಣ್ಣ, ಜೊತೆಯವರು ಒಂದು ಬಣ್ಣ ಆಗಿ ಎದ್ದು ಕಾಣ್ತಾರೆ, ಹೋಗ್ಬೇಕಾದ ದಿಕ್ಕು ಶಬ್ದದಲ್ಲೇ ಗೊತ್ತಾಗ್ತದೆ. 2023ರ ಫೋರ್ಜಾ ಮೋಟರ್‌ಸ್ಪೋರ್ಟ್‌ನಲ್ಲಿ ಕಣ್ಣು ಕಾಣದವರು ಕಾರ್ ರೇಸ್ ಮಾಡ್ಲಿಕ್ಕೆ ಶಬ್ದದ ಸಹಾಯ ಕೊಟ್ಟಿದ್ದಾರೆ. ನೀವು ಹೇಳಿದ ಬಸ್ ಗೇಮ್‌ನಲ್ಲಿ ಕಂಡಕ್ಟರ್ ಆಟ ಪೂರ್ತಿ ಕಿವಿಯಲ್ಲೇ ಆಡ್ಲಿಕ್ಕೆ ಆಗ್ತದೆ, ವಿಸಿಲ್, ಚಿಲ್ಲರೆ, ಸ್ಟಾಪ್ ಹೆಸರು ಎಲ್ಲ ಶಬ್ದವೇ. ದಯವಿಟ್ಟು ಶುರುವಿನಿಂದಲೇ ಅದನ್ನು ಮನಸ್ಸಲ್ಲಿ ಇಟ್ಕೊಳ್ಳಿ, ಕೊನೆಗೆ ಅಂಟಿಸುದು ಬೇಡ.

ಇನ್ನೊಂದು, ಕೊಂಡ ಗೇಮ್ ನಮ್ಮದಾಗಿ ಉಳೀಬೇಕು. ದ ಕ್ರೂ 2014ರಲ್ಲಿ ಬಂದ ಕಾರ್ ಗೇಮ್, 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್ ಮಾಡಿದ್ರು, ಒಬ್ಬನೇ ಆಡುವ ಭಾಗ ಕೂಡ ಓಡುದಿಲ್ಲ. ಅಲ್ಲಿಂದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅಭಿಯಾನ ಶುರುವಾಗಿ ಯೂರೋಪಿನಲ್ಲಿ 10 ಲಕ್ಷಕ್ಕಿಂತ ಜಾಸ್ತಿ ಸಹಿ ಬಿತ್ತು. ಅವರು ಕೇಳುದು ಸರ್ವರ್ ಶಾಶ್ವತ ನಡೆಸಿ ಅಂತ ಅಲ್ಲ, ನಿಲ್ಲಿಸುವಾಗ ಆಡುವ ಹಾಗೆ ಬಿಟ್ಟು ಹೋಗಿ ಅಂತ. ಇಷ್ಟು ಚಂದ ಮಾಡಿ ಸಮುದ್ರ, ಬಸ್, ತಾಳಮದ್ದಳೆ ಎಲ್ಲ ಕಟ್ಟಿದ ಊರು ಒಂದು ದಿನ ಯಾರೋ ಸ್ವಿಚ್ ಆಫ್ ಮಾಡಿದ್ರೆ ಹೋಗುವ ಹಾಗಿದ್ರೆ ನಂಗೆ ಬೇಡ. ಇಂಟರ್ನೆಟ್ ಇಲ್ಲದೆಯೂ ಓಡ್ಬೇಕು, ಪೆನ್‌ಡ್ರೈವ್‌ನಲ್ಲಿ ಹಾಕಿ ನೆಂಟರ ಮನೆಗೆ ತೆಗೊಂಡು ಹೋಗುವ ಹಾಗಿರ್ಬೇಕು.

ಟೈಗರ್‌ಸರ್ಕಲ್_ಡೆವ್

ಲೈಟ್‌ಹೌಸ್ ಅವರೇ, ಕಂಡಕ್ಟರ್ ಆಟ ಶಬ್ದದಲ್ಲೇ ಮಾಡುವ ಐಡಿಯಾ ನಾನು ತೆಗೊಂಡೆ. ಟೈಮಿಂಗ್ ಬ್ರೋ, ಸ್ಟೇಟ್‌ಬ್ಯಾಂಕಿಂದ ಉಡುಪಿವರೆಗೆ ಎಕ್ಸ್‌ಪ್ರೆಸ್‌ನ ಸ್ಟಾಪ್ ಎಲ್ಲ ಆರ್ಡರ್‌ನಲ್ಲಿ ಬರೆದು ಕಳ್ಸಿ, ಬಸ್ ಒಳಗಿನ ಶಬ್ದ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೊಟ್ರೆ ಇನ್ನೂ ಒಳ್ಳೆದು. ಮೊದಲು ಮುಲ್ಕಿವರೆಗಿನದ್ದು ಮಾಡಿ ನೋಡುವ.